ಸೋನಾರ್ ಹಿಡಿದು ಮೀನು ಹುಡುಕುವುದು: ಟಿಲ್ಟ್ ಮೇಲಿನ ಕೈ ತೆಗೆಯಬೇಡಿ

ಕಾರವಾರದ ಬೈತಖೋಲ್ ಬಂದರಿನಲ್ಲಿ ಸೋನಾರ್, ಅಂದರೆ ನೀರಿನಲ್ಲಿ ಸದ್ದು ಬಿಟ್ಟು ಮೀನು ಹುಡುಕುವ ಯಂತ್ರದ ಮುಂದೆ ಹೊಸದಾಗಿ ಕೂತ ಹುಡುಗರನ್ನು ಬಹಳ ನೋಡಿದ್ದೇನೆ. ಪರದೆಯಲ್ಲಿ ಏನೂ ಕಾಣಲಿಲ್ಲ ಎಂದರೆ ಅವರ ಕೈ ನೇರ ಗೇನ್‌ಗೆ, ಅಂದರೆ ವಾಪಸ್ ಬಂದ ಸದ್ದನ್ನು ಹಿಗ್ಗಿಸುವ ಗುಂಡಿಗೆ ಹೋಗುತ್ತದೆ. ಏರಿಸುತ್ತಾರೆ, ಇನ್ನೂ ಏರಿಸುತ್ತಾರೆ. ಪರದೆಯ ತುಂಬ ಕೆಂಪು, ಹಳದಿ ಹರಡುತ್ತದೆ. ಬೋಟು ನಡೆಸುವ ತಾಂಡೇಲರಿಗೆ ‘ತಾಂಡೇಲರೇ, ಮೀನು!’ ಎಂಬ ಕೂಗು ಹೋಗುತ್ತದೆ. ಬಲೆ ಬಿಟ್ಟು ಎಳೆದರೆ ಒಂದಿಷ್ಟು ಜೆಲ್ಲಿ ಮೀನು, ಉಳಿದದ್ದು ಬರೀ ನೀರು. ಡೀಸೆಲ್ ಹೋಯಿತು, ಬಲೆ ಎಳೆಯುವ ಅಷ್ಟೂ ಕಲಾಸಿಗಳ ಬೆವರು ಹೋಯಿತು, ಬೆಳಗಿನ ಒಳ್ಳೆಯ ಹೊತ್ತೂ ಹೋಯಿತು.

ಆ ಹುಡುಗರದ್ದು ತಪ್ಪಲ್ಲ. ಯಂತ್ರ ಕೂರಿಸಿಕೊಟ್ಟವರು ಆನ್, ಆಫ್ ಮಾಡುವುದನ್ನು ತೋರಿಸಿ ಹೋಗಿರುತ್ತಾರೆ. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಅದರ ಚಿತ್ರಗಳೆಲ್ಲ ಆಳ ಸಮುದ್ರದವು. ನಮ್ಮ ಪರ್ಸಿನ್ ಬೋಟುಗಳು (ಹಿಂಡನ್ನು ಸುತ್ತುವರಿದು ಅಡಿ ಬಿಗಿಯುವ ಬಲೆಯವು) ಹೆಚ್ಚಾಗಿ ಬಲೆ ಬಿಡುವುದು ಅದಕ್ಕಿಂತ ಬಹಳ ಕಡಿಮೆ ನೀರಿನಲ್ಲಿ. ಇಲ್ಲಿ ಸೋನಾರ್‌ಗೆ ಮೀನಿಗಿಂತ ಮೊದಲು ಕಾಣುವುದು ಸಮುದ್ರದ ತಳದ ನೆಲ. ನನಗೆ ಇದು ಅರ್ಥವಾಗಲು ಒಂದು ಸೀಸನ್ ಪೂರ್ತಿ ಬೇಕಾಯಿತು. ಕಾರವಾರದಿಂದ ಭಟ್ಕಳದವರೆಗಿನ ನಮ್ಮ ಸಮುದ್ರದಲ್ಲಿ ಸೋನಾರ್ ನಡೆಸುವುದು ಎಂದರೆ ಟಿಲ್ಟ್, ಅಂದರೆ ಸದ್ದು ಎಷ್ಟು ಕೆಳಮುಖವಾಗಿ ಹೋಗಬೇಕು ಎಂಬ ಕೋನ, ನಡೆಸುವುದು. ಗೇನ್, ರೇಂಜ್ (ಎಷ್ಟು ದೂರ ನೋಡಬೇಕು ಎಂಬುದು), ಬಣ್ಣ ಎಲ್ಲ ಆಮೇಲೆ.

ಹಾಗಾಗಿ ಇದನ್ನು ಬೋಟಿನಲ್ಲಿ ಕೆಲಸ ನಡೆಯುವ ಕ್ರಮದಲ್ಲೇ ಬರೆಯುತ್ತೇನೆ.

ಯಂತ್ರ ಏನು ಮಾಡುತ್ತದೆ?

ಫಿಶ್ ಫೈಂಡರ್ ಎಲ್ಲರಿಗೂ ಗೊತ್ತು. ಬೋಟಿನ ಕೆಳಗೆ ನೇರ ಸದ್ದು ಬಿಡುತ್ತದೆ, ಅದು ನೆಲಕ್ಕೋ ಮೀನಿಗೋ ಬಡಿದು ವಾಪಸ್ ಬಂದದ್ದನ್ನು ತೋರಿಸುತ್ತದೆ. ಮೀನುಗಾರರಿಗೆ ಇಂಥ ಯಂತ್ರವನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಫುರುನೋ ಕಂಪನಿ, 1948ರಲ್ಲಿ. ಅದರಲ್ಲಿ ಮೀನು ಕಾಣುವಾಗ ಬೋಟು ಆಗಲೇ ಮೀನಿನ ತಲೆಯ ಮೇಲಿರುತ್ತದೆ. ಸೋನಾರ್ ಅದೇ ಸದ್ದನ್ನು ಅಡ್ಡಕ್ಕೆ ಬಿಡುತ್ತದೆ. ಮುಂದೆ, ಎಡಕ್ಕೆ, ಬಲಕ್ಕೆ. ಪರದೆಯ ನಡುವೆ ನಿಮ್ಮ ಬೋಟು, ಮೇಲ್ಗಡೆ ಬೋಟಿನ ಮೂತಿ ಇರುವ ದಿಕ್ಕು, ಸುತ್ತ ನೀರು.

ಸೋನಾರ್‌ನಲ್ಲಿ ಎರಡು ಥರ. ಒಂದು ಟಾರ್ಚ್ ಹಿಡಿದಂತೆ. ಒಂದು ಕಡೆ ಸದ್ದು ಬಿಟ್ಟು, ಕಾದು, ಕೇಳಿಸಿಕೊಂಡು, ಸ್ವಲ್ಪ ತಿರುಗಿ, ಮತ್ತೆ ಬಿಡುತ್ತದೆ. ಇನ್ನೊಂದು ಒಂದೇ ಸಲಕ್ಕೆ ಸುತ್ತಲೂ ಸದ್ದು ಬಿಟ್ಟು ಪೂರ್ತಿ ವೃತ್ತ ಕೇಳಿಸಿಕೊಳ್ಳುತ್ತದೆ. ಎರಡನೆಯದು ದುಬಾರಿ. ಮೊದಲನೆಯದನ್ನು ಚೆನ್ನಾಗಿ ನಡೆಸಲು ಕಲಿತವನಿಗೆ ಎರಡನೆಯದು ಸುಲಭ. ಅದಕ್ಕೇ ಇಲ್ಲಿ ಟಾರ್ಚ್ ಥರದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಒಂದು ಲೆಕ್ಕ ತಲೆಯಲ್ಲಿರಲಿ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. 300 ಮೀಟರ್ ರೇಂಜ್ ಇಟ್ಟರೆ ಹೋಗಿ ಬರಲು 600 ಮೀಟರ್, ಅಂದರೆ 0.4 ಸೆಕೆಂಡ್. ಯಂತ್ರ ಒಂದು ಸಲಕ್ಕೆ 6 ಡಿಗ್ರಿ ತಿರುಗುತ್ತದೆ ಎಂದುಕೊಳ್ಳಿ. ಪೂರ್ತಿ ಸುತ್ತಿಗೆ 60 ಸಲ ಸದ್ದು ಬಿಡಬೇಕು. 24 ಸೆಕೆಂಡ್ ಆಯಿತು. 6 ನಾಟ್ ವೇಗದ ಬೋಟು ಅಷ್ಟು ಹೊತ್ತಿನಲ್ಲಿ 70 ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಪರದೆಯಲ್ಲಿ ಒಂದು ಮೂಲೆಯಲ್ಲಿ ಕಾಣುತ್ತಿರುವುದು ಈಗಿನದ್ದು, ಪಕ್ಕದ ಮೂಲೆಯದ್ದು ಅರ್ಧ ನಿಮಿಷ ಹಳೆಯದು. ಇದು ಗೊತ್ತಿಲ್ಲದೆ ‘ಮೀನು ಹಾರಿ ಬಂತು’ ಎಂದು ಹೇಳುವವರಿದ್ದಾರೆ. ಮೀನು ಎಲ್ಲಿಗೂ ಹಾರಿಲ್ಲ, ಚಿತ್ರ ಹಳೆಯದಾಗಿತ್ತು ಅಷ್ಟೇ.

ಬಂದರಿನಲ್ಲೇ ಮುಗಿಸುವ ಕೆಲಸ

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುವಾಗ ಬೋಟು ದಡಕ್ಕೆ ಎಳೆದಿರುತ್ತೇವೆ. ಸೋನಾರ್‌ನ ಟ್ರಾನ್ಸ್‌ಡ್ಯೂಸರ್, ಅಂದರೆ ಸದ್ದು ಬಿಟ್ಟು ಕೇಳಿಸಿಕೊಳ್ಳುವ ಭಾಗ, ಕೈಗೆ ಸಿಗುವುದು ಆಗ ಮಾತ್ರ. ಬೋಟಿನ ತಳದ ಕೊಳವೆಯೊಳಗೆ ಅದು ಕೂತಿರುತ್ತದೆ. ಅದರ ಮುಖಕ್ಕೆ ಚಿಪ್ಪು, ಪಾಚಿ ಅಂಟಿದ್ದರೆ ಸದ್ದು ಹೊರಗೆ ಹೋಗುವುದೇ ಇಲ್ಲ. ಮರದ ಚೂರಿನಿಂದ ಮೆಲ್ಲಗೆ ತೆಗೆಯಿರಿ, ಚಾಕು ಹಚ್ಚಬೇಡಿ. ತಳಕ್ಕೆ ಬಣ್ಣ ಹೊಡೆಯುವವರು ಸುಮ್ನೆ ಅದರ ಮೇಲೂ ಬ್ರಷ್ ಎಳೆದುಬಿಡುತ್ತಾರೆ, ಪಕ್ಕದಲ್ಲೇ ನಿಂತು ತಡೆಯಿರಿ. ಬೋಟು ದಡದ ಮೇಲಿರುವಾಗ ಯಂತ್ರ ಆನ್ ಮಾಡಿ ಸದ್ದು ಬಿಡಲೂಬೇಡಿ. ನೀರಿಲ್ಲದೆ ಸದ್ದು ಬಿಟ್ಟರೆ ಟ್ರಾನ್ಸ್‌ಡ್ಯೂಸರ್ ಹಾಳಾಗಬಹುದು.

ಬ್ಯಾಟರಿ, ವೈರಿನ ತುದಿಗಳಿಗೆ ಹಿಡಿದ ಉಪ್ಪು, ಇವನ್ನು ಹೊರಡುವ ಮುಂಚೆ ನೋಡಿ. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಇಳಿಸುವುದು, ರೇಂಜ್, ಸೆಕ್ಟರ್

ಬೋಟಿನ ತಳದಿಂದ ಟ್ರಾನ್ಸ್‌ಡ್ಯೂಸರ್ ಕೆಳಗಿಳಿದರೆ ಮಾತ್ರ ಅದಕ್ಕೆ ಸುತ್ತ ಕಾಣುತ್ತದೆ. ಕಾರವಾರದಲ್ಲಿ ಕೊಲ್ಲಿ ದಾಟಿ ನೀರು ತೆರೆದ ಮೇಲೆ ಇಳಿಸಿದರೆ ಸಾಕು. ಹೊನ್ನಾವರ, ತದಡಿಯವರಿಗೆ ಅಳಿವೆ ಇದೆ, ಮರಳಿನ ದಿಬ್ಬ ಇದೆ. ಅಳಿವೆ ಪೂರ್ತಿ ದಾಟುವವರೆಗೆ ಇಳಿಸಲೇಬಾರದು. ಇಳಿಸುವಾಗ ವೇಗ ತಗ್ಗಿಸಿ. ದೀಪ ಹತ್ತಿ ‘ಇಳಿಯಿತು’ ಎಂದು ತೋರಿಸಿದ ಮೇಲೆಯೇ ಮುಂದಿನ ಕೆಲಸ.

ರೇಂಜ್ 200 ಅಥವಾ 300 ಮೀಟರ್‌ನಿಂದ ಶುರು ಮಾಡಿ. ಯಂತ್ರದ ಮೇಲೆ ದೊಡ್ಡ ಸಂಖ್ಯೆ ಬರೆದಿರುತ್ತದೆ, ಆಸೆಯಾಗುತ್ತದೆ. ನಮ್ಮ ಆಳದಲ್ಲಿ ಅದರಿಂದ ಲಾಭವಿಲ್ಲ. ದೂರಕ್ಕೆ ಇಟ್ಟಷ್ಟು ಒಂದೊಂದು ಸದ್ದಿಗೂ ಕಾಯುವ ಹೊತ್ತು ಜಾಸ್ತಿ, ಸುತ್ತು ನಿಧಾನ. ದೂರದಲ್ಲಿ ಕಾಣುವುದು ಹೇಗೂ ನೆಲವೇ.

ಸೆಕ್ಟರ್ ಅಂದರೆ ಎಷ್ಟು ಅಗಲ ನೋಡಬೇಕು ಎಂಬುದು. ಹುಡುಕುತ್ತ ಹೋಗುವಾಗ ಹಿಂದೆ ನೋಡುವ ಅಗತ್ಯವಿಲ್ಲ. ಅಲ್ಲಿ ನಿಮ್ಮ ಪ್ರೊಪೆಲ್ಲರ್ ಎಬ್ಬಿಸಿದ ನೊರೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಮುಂದಿನ ಅರ್ಧ ವೃತ್ತ ಸಾಕು. ಒಂದು ಸಲಕ್ಕೆ 12 ಡಿಗ್ರಿ ತಿರುಗಿಸಿದರೆ 300 ಮೀಟರ್ ರೇಂಜ್‌ನಲ್ಲಿ ಅರ್ಧ ವೃತ್ತ 6 ಸೆಕೆಂಡಿಗೆ ಮುಗಿಯುತ್ತದೆ. ಹಿಂಡು ಸಿಕ್ಕ ಮೇಲೆ ಸೆಕ್ಟರ್ ಕಿರಿದು ಮಾಡಿ, ತಿರುಗುವುದನ್ನೂ 6 ಡಿಗ್ರಿಗೆ ಇಳಿಸಿ.

ಈಗ ಟಿಲ್ಟ್

ಟ್ರಾನ್ಸ್‌ಡ್ಯೂಸರ್‌ನ ಸದ್ದು ನೀರಿನ ಮೇಲ್ಮೈಗೆ ಸಮನಾಗಿ ಹೋದರೆ ಟಿಲ್ಟ್ 0. ನೇರ ಕೆಳಗೆ ಹೋದರೆ 90. ನಮ್ಮ ಕೆಲಸವೆಲ್ಲ ಹುಡುಕುವಾಗ 0ಯಿಂದ 10ರ ನಡುವೆ, ಹತ್ತಿರ ಬಂದಾಗ 30ರವರೆಗೆ.

ಕ್ಯಾಲ್ಕುಲೇಟರ್ ಬೇಡ, ಈ ಐದು ಪಾಲು ಬಾಯಿಪಾಠ ಮಾಡಿಕೊಳ್ಳಿ. ಪರದೆಯಲ್ಲಿ ಕಾಣುವ ದೂರದಲ್ಲಿ ಎಷ್ಟು ಪಾಲು ಆಳ ಎಂದು ಇದು ಹೇಳುತ್ತದೆ. ಟಿಲ್ಟ್ 5 ಆದರೆ ಹನ್ನೆರಡರಲ್ಲಿ ಒಂದು ಪಾಲು. 10 ಆದರೆ ಆರರಲ್ಲಿ ಒಂದು. 15ಕ್ಕೆ ನಾಲ್ಕರಲ್ಲಿ ಒಂದು. 20ಕ್ಕೆ ಮೂರರಲ್ಲಿ ಒಂದು. 30ಕ್ಕೆ ಸರಿಯಾಗಿ ಅರ್ಧ. ಟಿಲ್ಟ್ 5 ಇಟ್ಟಾಗ 180 ಮೀಟರ್ ದೂರದಲ್ಲಿ ಹಿಂಡು ಕಂಡರೆ ಅದು ಟ್ರಾನ್ಸ್‌ಡ್ಯೂಸರ್‌ಗಿಂತ ಸುಮಾರು 15 ಮೀಟರ್ ಕೆಳಗಿದೆ. ಟ್ರಾನ್ಸ್‌ಡ್ಯೂಸರ್ ನೀರಿನಲ್ಲಿ ಎಷ್ಟು ಕೆಳಗಿದೆಯೋ ಅದನ್ನೂ ಸೇರಿಸಿಕೊಳ್ಳಿ.

ಇದೇ ಲೆಕ್ಕವನ್ನು ನೆಲಕ್ಕೂ ಹಾಕಬಹುದು. ಟ್ರಾನ್ಸ್‌ಡ್ಯೂಸರ್‌ನ ಕೆಳಗೆ 24 ಮೀಟರ್ ನೀರಿದೆ. ಟಿಲ್ಟ್ 5. ಹನ್ನೆರಡು ಪಟ್ಟು ಮಾಡಿದರೆ 288. ಹಾಗಾದರೆ ನೆಲ 288 ಮೀಟರ್‌ನಲ್ಲಿ ಕಾಣಬೇಕು ಅಲ್ವಾ? ಇಲ್ಲ, ಅದಕ್ಕಿಂತ ಬಹಳ ಮೊದಲೇ ಕಾಣುತ್ತದೆ. ಸದ್ದು ದಾರದ ಹಾಗೆ ಹೋಗುವುದಿಲ್ಲ. ಟಾರ್ಚ್ ಬೆಳಕಿನ ಹಾಗೆ ಅಗಲವಾಗುತ್ತ ಹೋಗುತ್ತದೆ. ಹೀಗೆ ಹೋಗುವ ಸದ್ದಿನ ಕಿರಣವೇ ಬೀಮ್. ಅದು 10 ಡಿಗ್ರಿ ದಪ್ಪ ಎಂದುಕೊಂಡರೆ ನಡುವಿನ ಗೆರೆಗಿಂತ 5 ಮೇಲೆ, 5 ಕೆಳಗೆ. ಅಂದರೆ ಟಿಲ್ಟ್ 5 ಇಟ್ಟಾಗ ಬೀಮಿನ ಕೆಳ ಅಂಚು 10 ಡಿಗ್ರಿಯಲ್ಲಿ ಹೋಗುತ್ತದೆ. ಆರು ಪಟ್ಟು: 144. ಅಲ್ಲಿಂದಲೇ ನೆಲ ಪರದೆಗೆ ಬರತೊಡಗುತ್ತದೆ. ಟಿಲ್ಟ್ 10ಕ್ಕೆ ಇಳಿಸಿದರೆ ಕೆಳ ಅಂಚು 15ಕ್ಕೆ ಹೋಯಿತು, ನೆಲ 100 ಮೀಟರ್‌ಗೂ ಒಳಗೆ ಬಂತು. 2ಕ್ಕೆ ಎತ್ತಿದರೆ ನೆಲ 200 ಮೀಟರ್ ಹತ್ತಿರಕ್ಕೆ ಸರಿಯಿತು. ನಿಮ್ಮ ಯಂತ್ರದ ಬೀಮ್ ಎಷ್ಟು ದಪ್ಪ ಎಂಬುದು ಪುಸ್ತಕದ ಕೊನೆಯ ಪುಟಗಳಲ್ಲಿರುತ್ತದೆ. ಒಂದೇ ಅಳತೆಯ ಟ್ರಾನ್ಸ್‌ಡ್ಯೂಸರ್‌ನಲ್ಲಿ ಫ್ರೀಕ್ವೆನ್ಸಿ ಹೆಚ್ಚಿದಷ್ಟು ಬೀಮ್ ತೆಳು.

ಹೀಗಾಗಿ ಸಮುದ್ರಕ್ಕೆ ಹೋದ ಮೊದಲ ಹದಿನೈದು ನಿಮಿಷ ಮೀನು ಹುಡುಕಬೇಡಿ. ನೆಲ ಹುಡುಕಿ. ಫಿಶ್ ಫೈಂಡರ್‌ನಲ್ಲಿ ಆಳ ನೋಡಿಕೊಳ್ಳಿ. ಟಿಲ್ಟ್ 10 ಇಡಿ. ಪರದೆಯ ಮೇಲೆ ನಿಮ್ಮನ್ನು ಬಳಸಿ ಒಂದು ಕಮಾನು ಕಾಣುತ್ತದೆ. ಅದು ನೆಲ. ಒಂದೊಂದೇ ಡಿಗ್ರಿ ಮೇಲೆತ್ತುತ್ತ ಬನ್ನಿ. ಕಮಾನು ದೂರ ಸರಿಯುತ್ತ, ಮಸುಕಾಗುತ್ತ ಹೋಗುತ್ತದೆ. ಯಾವ ಟಿಲ್ಟ್‌ನಲ್ಲಿ ಅದು ಪರದೆಯ ಅಂಚಿಗೆ ಹೋಗಿ ನಿಲ್ಲುತ್ತದೋ ಅದೇ ಆ ದಿನ ಆ ಆಳಕ್ಕೆ ನಿಮ್ಮ ಹುಡುಕುವ ಟಿಲ್ಟ್. ಆಳ ಬದಲಾದರೆ ಮತ್ತೆ ನೋಡಬೇಕು.

ನೆಲದ ಗುಣವೂ ಕಲಿಯಬೇಕಾದದ್ದೇ. ನಮ್ಮಲ್ಲಿ ದಡದ ಕಡೆ ಬಹಳಷ್ಟು ಕೆಸರು ನೆಲ. ಕೆಸರು ಸದ್ದನ್ನು ನುಂಗುತ್ತದೆ, ಕಮಾನು ಮಂಕಾಗಿರುತ್ತದೆ. ಕಲ್ಲು ಸದ್ದನ್ನು ವಾಪಸ್ ಎಸೆಯುತ್ತದೆ, ಕೆಂಪಾಗಿ ಉರಿಯುತ್ತದೆ. ಕೂರ್ಮಗಡ, ದೇವಗಡದ ಸುತ್ತ, ಮುರುಡೇಶ್ವರದ ಆಚೆ ನೇತ್ರಾಣಿಯ ಪಕ್ಕ ಕಮಾನು ಒಂದು ಕಡೆ ಒಳಕ್ಕೆ ಮುರಿದು ಬರುತ್ತದೆ. ಅಲ್ಲಿ ಬಂಡೆಯಿದೆ ಎಂದರ್ಥ. ಬಲೆ ಅಲ್ಲಿಗೆ ಒಯ್ಯಬೇಡಿ.

ಗೇನ್, ಮತ್ತು ಉಳಿದ ಗುಂಡಿಗಳು

ನೆಲ ಅರ್ಥವಾದ ಮೇಲೆ ಗೇನ್. ಪರದೆಯಲ್ಲಿ ಸಣ್ಣ ಸಣ್ಣ ಚುಕ್ಕೆ ಉದುರುವವರೆಗೆ ಏರಿಸಿ. ಆಮೇಲೆ ಚುಕ್ಕೆ ಇಲ್ಲವಾಗುವಷ್ಟು ಇಳಿಸಿ. ಅಲ್ಲಿಗೆ ಬಿಡಿ. ನಾನು ದಿನಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ಗೇನ್ ಮುಟ್ಟುವುದಿಲ್ಲ. ಗೇನ್ ಪದೇ ಪದೇ ಬದಲಿಸಿದರೆ ಬಣ್ಣಕ್ಕೆ ಅರ್ಥವೇ ಉಳಿಯುವುದಿಲ್ಲ. ಬೆಳಿಗ್ಗೆ ಕೆಂಪು ಕಂಡ ಹಿಂಡು ಎಷ್ಟು ಸಿಕ್ಕಿತು, ಹಳದಿ ಕಂಡದ್ದು ಎಷ್ಟು ಸಿಕ್ಕಿತು ಎಂದು ಹೋಲಿಸುವುದು ಗೇನ್ ಒಂದೇ ಕಡೆ ಇದ್ದರೆ ಮಾತ್ರ ಸಾಧ್ಯ.

ಹತ್ತಿರದ ನೀರಿನ ಗದ್ದಲ ತಗ್ಗಿಸಲು ಟಿವಿಜಿ ಎಂಬ ಗುಂಡಿ ಇದೆ. ಅಲೆ ಜಾಸ್ತಿ ಇರುವ ದಿನ ಬೋಟಿನ ಸುತ್ತಲಿನ 50 ಮೀಟರ್ ಪೂರ್ತಿ ತುಂಬಿಕೊಂಡಿದ್ದರೆ ಅದನ್ನು ಸ್ವಲ್ಪ ತಿರುಗಿಸಿ. ಪಕ್ಕದಲ್ಲಿ ಹತ್ತಾರು ಬೋಟು ಸೋನಾರ್ ಹಾಕಿಕೊಂಡಿದ್ದರೆ ಪರದೆಯಲ್ಲಿ ಸುರುಳಿಯಾಗಿ ಚುಕ್ಕೆ ಸಾಲು ಬರುತ್ತದೆ. ಅದು ಬೇರೆಯವರ ಸದ್ದು. ಇಂಟರ್‌ಫಿಯರೆನ್ಸ್ ತಡೆಯುವ ಗುಂಡಿ ಒಂದು ಹಂತ ಏರಿಸಿ, ಸಾಕು. ತೀರಾ ಏರಿಸಿದರೆ ಸಣ್ಣ ಹಿಂಡೂ ಅಳಿಸಿಹೋಗುತ್ತದೆ. ಒಮ್ಮೊಮ್ಮೆ ನಿಮ್ಮದೇ ಫಿಶ್ ಫೈಂಡರ್ ಹೀಗೆ ಮಾಡುತ್ತದೆ. ಅದನ್ನು ಒಂದು ಕ್ಷಣ ಆಫ್ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಮೀನಲ್ಲದ್ದು

ನಾನು ಮೊದಲ ವರ್ಷ ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಅಂಕೋಲೆಯ ನೇರಕ್ಕೆ ಬೆಳಿಗ್ಗೆ ಒಂದು ಹಿಂಡು ಬೆನ್ನಟ್ಟಿ ಎರಡು ಸುತ್ತು ಹಾಕಿದ್ದೆವು. ಹಿಂಡು ತಪ್ಪಿತು. ಮೂರನೇ ಸುತ್ತಿನಲ್ಲಿ ಎಡಗಡೆ ಉದ್ದಕ್ಕೆ, ಗಟ್ಟಿಯಾದ ಕೆಂಪು ಪಟ್ಟಿ ಕಂಡಿತು. ಅಷ್ಟು ದೊಡ್ಡ ಹಿಂಡು ನಾನು ನೋಡಿರಲಿಲ್ಲ. ಕೂಗಿದೆ. ಬಲೆ ಬಿಟ್ಟರು. ಏನೂ ಇರಲಿಲ್ಲ. ನಮ್ಮದೇ ಬೋಟು ಹತ್ತು ನಿಮಿಷ ಮೊದಲು ಎಬ್ಬಿಸಿದ್ದ ನೊರೆಯ ಹಾದಿ ಅದು. ನೀರಿನೊಳಗಿನ ಗಾಳಿಗುಳ್ಳೆ ಸದ್ದನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವೂ ಅದೇ ಕೆಲಸ ಮಾಡುವುದು, ಹಾಗಾಗಿ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಅವತ್ತು ತಾಂಡೇಲರು ಬೈಯಲಿಲ್ಲ. ‘ತಮ್ಮಾ, ಟಿಲ್ಟ್ ಕೆಳಗೆ ಮಾಡಿ ನೋಡಿದ್ಯಾ?’ ಎಂದು ಕೇಳಿದರು. ನೊರೆ ಮೇಲ್ನೀರಿನಲ್ಲೇ ಇರುತ್ತದೆ. ಟಿಲ್ಟ್ ನಾಲ್ಕೈದು ಡಿಗ್ರಿ ಇಳಿಸಿದರೆ ಅದು ಮಂಕಾಗುತ್ತದೆ. ಕೆಳಗಿರುವ ಹಿಂಡಾದರೆ ಇನ್ನೂ ಗಟ್ಟಿಯಾಗುತ್ತದೆ. ಆ ಒಂದು ಪ್ರಶ್ನೆಯಿಂದ ನಾನು ಕಲಿತಷ್ಟು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಕೆಂಪು ಕಂಡ ಕೂಡಲೇ ಮಾಡಬೇಕಾದ್ದು ಇಷ್ಟೇ: ಟಿಲ್ಟ್ ಮೂರು ಡಿಗ್ರಿ ಮೇಲೆ, ಮೂರು ಡಿಗ್ರಿ ಕೆಳಗೆ. ಮೇಲೆ ಮಾಡಿದಾಗ ಜೋರಾದರೆ ಮೇಲ್ನೀರಿನ ವಸ್ತು. ಅದು ನೊರೆಯೂ ಇರಬಹುದು, ಮೇಲೆ ಬಂದ ಹಿಂಡೂ ಇರಬಹುದು. ನೀವು ಬಂದ ಹಾದಿ ಜಿಪಿಎಸ್‌ನಲ್ಲಿ ಗೆರೆಯಾಗಿ ಇರುತ್ತದೆ, ಅದರ ಮೇಲೆ ಬಿದ್ದಿದೆಯಾ ನೋಡಿ. ಕೆಳಗೆ ಮಾಡಿದಾಗ ಗಟ್ಟಿಯಾಗುತ್ತ ನಿಮ್ಮ ಹತ್ತಿರ ಸರಿದು ಬಂದರೆ ನೆಲ. ದೂರ ಹಾಗೆಯೇ ಇದ್ದು ಬಣ್ಣ ಮಾತ್ರ ಬದಲಾದರೆ ನಡುನೀರಿನಲ್ಲಿ ಬಿಡಿಯಾಗಿ ನಿಂತ ವಸ್ತು. ಅದು ಹಿಂಡಾಗಿರುವ ಸಾಧ್ಯತೆ ಹೆಚ್ಚು.

ಬಂಡೆಯನ್ನು ಗುರುತಿಸಲು ಇನ್ನೊಂದು ದಾರಿ ಇದೆ. ಪರದೆಯಲ್ಲಿ ಅದರ ಮೇಲೆ ಮಾರ್ಕ್ (ಗುರುತು) ಹಾಕಿ ಒಂದು ನಿಮಿಷ ಕಾಯಿರಿ. ಬಂಡೆ ಮಾರ್ಕ್ ಬಿಟ್ಟು ಕದಲುವುದಿಲ್ಲ. ಹಿಂಡು ಕದಲುತ್ತದೆ, ಆಕಾರ ಬದಲಿಸುತ್ತದೆ, ಉದ್ದವಾಗುತ್ತದೆ, ಮುದುಡುತ್ತದೆ.

ಬೋಟು ಓಲಾಡುವಾಗ ಟಿಲ್ಟ್ ಕೂಡ ಓಲಾಡುತ್ತದೆ. ನೀವು 5 ಇಟ್ಟಿದ್ದರೂ ಬೋಟು ಬಲಕ್ಕೆ 5 ಡಿಗ್ರಿ ವಾಲಿದಾಗ ಬಲಗಡೆ ಅದು 10, ಎಡಗಡೆ 0. ಓಲಾಟ ಸರಿಪಡಿಸುವ ಸೌಲಭ್ಯ ಇಲ್ಲದ ಯಂತ್ರದಲ್ಲಿ ಒಂದೇ ಸುತ್ತಿನ ಚಿತ್ರ ನಂಬಬೇಡಿ. ಮೂರು ಸುತ್ತಿನಲ್ಲಿ ಎರಡು ಸಲ ಅದೇ ಜಾಗದಲ್ಲಿ ಕಂಡರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಲೆಗೆ ಮೂತಿ ಕೊಟ್ಟು ಹೋದರೆ ಓಲಾಟ ಕಡಿಮೆ, ಚಿತ್ರ ಚೊಕ್ಕ.

ದೂರದ ಹಿಂಡು ಯಾವಾಗಲೂ ನಿಜಕ್ಕಿಂತ ಅಗಲ ಕಾಣುತ್ತದೆ. ಬೀಮ್ ಅಡ್ಡಕ್ಕೆ 10 ಡಿಗ್ರಿ ಅಗಲವಿದ್ದರೆ 300 ಮೀಟರ್‌ನಲ್ಲಿ ಅದು 50 ಮೀಟರ್ ಆಗಿರುತ್ತದೆ. ಅಲ್ಲಿ ಒಂದು ಪುಟ್ಟ ಹಿಂಡಿದ್ದರೂ ಪರದೆಯಲ್ಲಿ 50 ಮೀಟರಿನ ಪಟ್ಟಿಯಾಗುತ್ತದೆ. ದೂರದಿಂದ ‘ದೊಡ್ಡದು’ ಎಂದು ಕೂಗಿ ಎಲ್ಲರನ್ನೂ ಎಬ್ಬಿಸಬೇಡಿ. 100 ಮೀಟರ್‌ಗೆ ಬಂದ ಮೇಲೆ ಹೇಳಿ.

ಹಿಂಡು ಸಿಕ್ಕಿತು, ಈಗ ಬಿಡಬಾರದು

ಹಿಂಡಿನ ಹತ್ತಿರ ಹೋದಂತೆ ಟಿಲ್ಟ್ ಇಳಿಸುತ್ತ ಹೋಗಬೇಕು. ಹೊಸಬರ ಕೈಯಿಂದ ಹಿಂಡು ತಪ್ಪುವುದು ಬಹುಪಾಲು ಇಲ್ಲೇ. 180 ಮೀಟರ್‌ನಲ್ಲಿ ಟಿಲ್ಟ್ 5 ಇಟ್ಟು 15 ಮೀಟರ್ ಆಳದ ಹಿಂಡು ನೋಡಿದಿರಿ. ಟಿಲ್ಟ್ ಹಾಗೆಯೇ ಬಿಟ್ಟು ಮುಂದೆ ಹೋದರೆ ಬೀಮ್ ಹಿಂಡಿನ ತಲೆಯ ಮೇಲಿಂದ ಹಾದುಹೋಗುತ್ತದೆ. ಪರದೆ ಖಾಲಿಯಾಗುತ್ತದೆ. ‘ಮೀನು ಓಡಿತು’ ಎನ್ನುತ್ತೇವೆ. ಓಡಿರುವುದಿಲ್ಲ, ಅಲ್ಲೇ ಇರುತ್ತದೆ.

ಅದೇ ಐದು ಪಾಲಿನ ಲೆಕ್ಕ ಇಲ್ಲೂ ಬರುತ್ತದೆ. 15 ಮೀಟರ್ ಆಳದ ಹಿಂಡಿಗೆ 180ರಲ್ಲಿ 5 ಡಿಗ್ರಿ, 90ರಲ್ಲಿ 10, 60ರಲ್ಲಿ 15, 45ರಲ್ಲಿ 20, 30ರಲ್ಲಿ 30. ದೂರ ಅರ್ಧವಾದಾಗ ಟಿಲ್ಟ್ ಸುಮಾರು ಎರಡು ಪಟ್ಟು, ಅಷ್ಟೇ. ಕೆಲವು ಯಂತ್ರಗಳಲ್ಲಿ ಗುರಿ ಹಿಡಿದು ತಾನೇ ತಿರುಗುವ ಸೌಲಭ್ಯ ಇದೆ. ತೆರೆದ ನೀರಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ನಮ್ಮ ತೆಳು ನೀರಿನಲ್ಲಿ ಒಮ್ಮೊಮ್ಮೆ ಹಿಂಡು ಬಿಟ್ಟು ನೆಲಕ್ಕೆ ಅಂಟಿಕೊಳ್ಳುತ್ತದೆ. ನಾನು ಕೈಯಿಂದಲೇ ಮಾಡುತ್ತೇನೆ.

ಕಂಡ ಕೂಡಲೇ ಮಾರ್ಕ್ ಹಾಕಿ. ಅರ್ಧ ನಿಮಿಷ ಬಿಟ್ಟು ಮತ್ತೊಂದು, ಇನ್ನರ್ಧ ನಿಮಿಷಕ್ಕೆ ಮತ್ತೊಂದು. ಮೂರು ಮಾರ್ಕ್ ಸೇರಿಸಿದರೆ ಹಿಂಡು ಯಾವ ಕಡೆ ಹೊರಟಿದೆ ಎಂದು ಗೆರೆ ಸಿಗುತ್ತದೆ. ತಾಂಡೇಲರಿಗೆ ಬೇಕಾದ್ದು ಮೂರು ಮಾತು: ಯಾವ ಕಡೆ, ಎಷ್ಟು ದೂರ, ಎಷ್ಟು ಆಳ. ನಾಲ್ಕನೆಯದು, ಯಾವ ಕಡೆ ಹೋಗುತ್ತಿದೆ. ಇವನ್ನು ಯಾವಾಗಲೂ ಇದೇ ಕ್ರಮದಲ್ಲಿ ಕೂಗಿ. ಇಂಜಿನ್ ಸದ್ದಿನಲ್ಲಿ ಅರ್ಧ ಕೇಳದಿದ್ದರೂ ಕ್ರಮದಿಂದ ಅರ್ಥವಾಗುತ್ತದೆ.

ಹಿಂಡನ್ನು ಮೂತಿಯ ಕಡೆಗೋ ಪಕ್ಕಕ್ಕೋ ಇಟ್ಟುಕೊಳ್ಳಿ. ಹಿಂದಕ್ಕೆ ಬಿಟ್ಟರೆ ನೊರೆಯಲ್ಲಿ ಕಳೆದುಹೋಗುತ್ತದೆ. ರಿವರ್ಸ್ ಹಾಕಿದರೆ ಗುಳ್ಳೆಗಳು ಟ್ರಾನ್ಸ್‌ಡ್ಯೂಸರ್ ಕೆಳಗೇ ಬಂದು ಸೋನಾರ್ ಪೂರ್ತಿ ಕುರುಡಾಗುತ್ತದೆ. ಹಾಗಾಗಿ ಹಿಂಡಿನ ಹತ್ತಿರ ಬಂದ ಮೇಲೆ ರಿವರ್ಸ್ ಬೇಡ ಎಂದು ಮೊದಲೇ ತಾಂಡೇಲರ ಜೊತೆ ಮಾತಾಡಿಕೊಳ್ಳಿ.

ಬಲೆ ಬಿಡುವ ಮುಂಚೆ

ಹಿಂಡಿನ ಪಕ್ಕದಿಂದ ಒಮ್ಮೆ ಹಾದು ಫಿಶ್ ಫೈಂಡರ್‌ನಲ್ಲಿ ಅದರ ಅಂಚು ನೋಡಿ. ಮೇಲಿನ ತುದಿ ಎಷ್ಟರಲ್ಲಿದೆ, ಕೆಳಗಿನ ತುದಿ ಎಷ್ಟರಲ್ಲಿದೆ ಎಂದು ಸರಿಯಾಗಿ ಸಿಗುತ್ತದೆ. ಬಲೆಯ ಅಡಿಯಂಚಿನ ಸೀಸದ ಹಗ್ಗ ಹಿಂಡಿನ ಕೆಳಗಿನ ತುದಿಗಿಂತ ಆಳಕ್ಕೆ ಇಳಿಯುವುದಿಲ್ಲ ಎಂದಾದರೆ ಬಲೆ ಬಿಡುವುದು ವ್ಯರ್ಥ. ಮೀನು ಅಡಿಯಿಂದ ಜಾರಿಹೋಗುತ್ತದೆ.

ಅದು ಯಾವ ಮೀನು? ಸೋನಾರ್ ಹೇಳುವುದಿಲ್ಲ. ಪರದೆಯಲ್ಲಿ ತಾರ್ಲೆಯೂ (ಬೂತಾಯಿ, ಸಾರ್ಡಿನ್) ಕೆಂಪು, ಬಂಗಡೆಯೂ ಕೆಂಪು. ನೆಲಕ್ಕಂಟಿ ಓಡಾಡುವ ಸಿಗಡಿ ಇದರಲ್ಲಿ ಕಾಣುವುದೇ ಇಲ್ಲ, ಅದನ್ನು ಹುಡುಕಲು ಇದು ಯಂತ್ರವಲ್ಲ. ಗಾಳಿಚೀಲ ಇಲ್ಲದ ಶಾರ್ಕ್ ತನ್ನ ಗಾತ್ರಕ್ಕಿಂತ ಮಂಕಾಗಿ ಕಾಣುತ್ತದೆ. ಡಾಲ್ಫಿನ್ ಬಂದರೆ ಕೆಂಪು ಚುಕ್ಕೆಗಳು ಬೇಗ ಬೇಗ ಜಾಗ ಬದಲಿಸುತ್ತವೆ. ಆಮೇಲೆ ಅವೇ ಉಸಿರಾಡಲು ಮೇಲೆ ಬಂದು ಕಾಣಿಸಿಕೊಳ್ಳುತ್ತವೆ. ಅವು ಇರುವ ಕಡೆ ಬಲೆ ಬಿಡಬೇಡಿ.

ಆದ್ದರಿಂದ ಪರದೆ ಬಿಟ್ಟು ಹೊರಗೆ ನೋಡಿ. ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ನಮ್ಮ ಅಜ್ಜನಂಥವರು ದಡದ ಎತ್ತರದಲ್ಲಿ ನಿಂತು ನೀರಿನ ಬಣ್ಣ ನೋಡಿ ಹಿಂಡು ಹೇಳುತ್ತಿದ್ದರು. ನೀರು ಎಲ್ಲಿ ಕಪ್ಪಾಗಿದೆ, ಎಲ್ಲಿ ಸಣ್ಣಗೆ ನಡುಗುತ್ತಿದೆ, ಹಕ್ಕಿ ಎಲ್ಲಿ ಮುಳುಗೇಳುತ್ತಿದೆ, ರಾತ್ರಿಯಾದರೆ ನೀರು ಎಲ್ಲಿ ಮಿಂಚುತ್ತಿದೆ. ಆ ಕಣ್ಣು ಈಗಲೂ ಬೇಕು. ಸೋನಾರ್ 150 ಮೀಟರ್ ಆಚೆ ಹಿಂಡು ತೋರಿಸಿದಾಗ ಒಬ್ಬನನ್ನು ಕ್ಯಾಬಿನ್ ಮೇಲೆ ಹತ್ತಿಸಿ ಆ ದಿಕ್ಕಿಗೆ ನೋಡಲು ಹೇಳಿ. ಅವನು ಹೇಳಿದ್ದನ್ನೂ ಪರದೆ ಹೇಳಿದ್ದನ್ನೂ ಒಟ್ಟಿಗಿಟ್ಟು ತೀರ್ಮಾನಿಸಿ.

ಮೀನಿನ ಗಾತ್ರವನ್ನೂ ಸೋನಾರ್ ಹೇಳುವುದಿಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ. ಬೆರಳುದ್ದದ ಮರಿಗಳ ಹಿಂಡೂ ಗಟ್ಟಿ ಕೆಂಪಾಗಿ ಕಾಣುತ್ತದೆ. ತಾರ್ಲೆ ಮೊಟ್ಟೆಯಿಡುವುದು ಮುಖ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗೆ. ರಜೆ ಮುಗಿದು ನಾವು ಹೊರಡುವ ಹೊತ್ತಿಗೆ ಮರಿಗಳು ನೀರಿನಲ್ಲಿರುತ್ತವೆ. ಗಾಳ ಬಿಟ್ಟು ನೋಡಿ, ಇಲ್ಲವೇ ಡಿಂಗಿಯಿಂದ (ಸಣ್ಣ ದೋಣಿ) ಬೀಸು ಬಲೆ ಒಂದು ಸಲ ಎಸೆದು ನೋಡಿ. ಐದು ನಿಮಿಷದ ಕೆಲಸ. ಮರಿಯಾದರೆ ಮಾರ್ಕ್ ಹಾಕಿಕೊಂಡು ಬಿಟ್ಟುಬನ್ನಿ. ಬಲೆ ಬಿಟ್ಟು ಬಿಗಿದ ಮೇಲೆ ಮರಿ ಎಂದು ಗೊತ್ತಾದರೆ, ಸಮುದ್ರಕ್ಕೆ ಚೆಲ್ಲಿದರೂ ಬಹಳಷ್ಟು ಬದುಕುವುದಿಲ್ಲ.

ಪರದೆಗೆ ಕಣ್ಣು ಅಂಟಿಸಿಕೊಂಡವನಿಗೆ ಎದುರು ಬರುವ ದೋಣಿ ಕಾಣುವುದಿಲ್ಲ. ಸಣ್ಣ ದೋಣಿಯವರು ರಾತ್ರಿ ಬಿಟ್ಟ ತೆಳು ಬಲೆಯನ್ನು ಸೋನಾರ್ ತೋರಿಸುತ್ತದೆ ಎಂದು ನಂಬಬೇಡಿ. ಅವರ ತೇಲುಗುಂಡು, ದೀಪ ನೋಡಲು ಬೇರೆ ಒಬ್ಬ ಇರಲೇಬೇಕು. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಯ ನೀರಿದೆ. ಹಿಂಡು ಆ ಕಡೆ ಹೋದರೆ ಬೆನ್ನಟ್ಟಬೇಡಿ.

ಮಳೆ ಮುಗಿದ ಕಾಲದ ನೀರು

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸೋನಾರ್ ಒಮ್ಮೊಮ್ಮೆ ಹುಚ್ಚು ಹಿಡಿದಂತೆ ಆಡುತ್ತದೆ. ಮೇಲೆ ಹಕ್ಕಿ ಇವೆ, ಮೀನು ಚಿಮ್ಮುತ್ತಿವೆ, ಪರದೆ ಖಾಲಿ. ಯಂತ್ರ ಕೆಟ್ಟಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಸಿಹಿನೀರು ಅಳಿವೆಗಳ ಮುಂದೆ ಸಮುದ್ರದ ಮೇಲೆ ಹರಡಿರುತ್ತದೆ. ಅದೇ ಕಾಲದಲ್ಲಿ ಆಳದ ತಣ್ಣನೆ ನೀರು ದಡದ ಕಡೆ ಮೇಲೆದ್ದು ಬಂದಿರುತ್ತದೆ. ಹೀಗೆ ನೀರು ಪದರ ಪದರವಾಗಿ ನಿಂತಾಗ ಸದ್ದು ನೇರ ಹೋಗುವುದಿಲ್ಲ. ಬೆಚ್ಚಗಿನ ನೀರಿನಿಂದ ತಣ್ಣನೆಯ ನೀರಿಗೆ ಹೋದ ಸದ್ದು ಕೆಳಕ್ಕೆ ಬಾಗುತ್ತದೆ. ನೀವು ಟಿಲ್ಟ್ 3 ಇಟ್ಟಿದ್ದರೂ ಅದು ಸ್ವಲ್ಪ ದೂರ ಹೋಗಿ ನೆಲದ ಕಡೆ ತಿರುಗುತ್ತದೆ. ದೂರದಲ್ಲಿ ಮೇಲ್ನೀರಿನಲ್ಲಿರುವ ಹಿಂಡು ಕಾಣದೆ ಹೋಗುತ್ತದೆ.

ಇಂಥ ದಿನ ರೇಂಜ್ 150ಕ್ಕೆ ಇಳಿಸಿ. ಟಿಲ್ಟ್ 0ಯಿಂದ 2ರೊಳಗೆ ಇಡಿ. ದೂರ ನೋಡುವ ಆಸೆ ಬಿಟ್ಟು ಹತ್ತಿರದ್ದನ್ನು ಚೊಕ್ಕವಾಗಿ ನೋಡಿ, ಕಣ್ಣಿಗೆ ಜಾಸ್ತಿ ಕೆಲಸ ಕೊಡಿ. ಬಿಸಿಲೇರಿದ ಮಧ್ಯಾಹ್ನ ಗಾಳಿಯಿಲ್ಲದೆ ನೀರು ಕನ್ನಡಿಯಂತೆ ನಿಂತಾಗಲೂ ಹೀಗೇ ಆಗುತ್ತದೆ. ಬೆಳಗಿನ ಹೊತ್ತು ನೀರು ಕಲಕಿ ಒಂದಾಗಿರುವಾಗ ಅದೇ ಯಂತ್ರ ಬಹಳ ದೂರ ತೋರಿಸುತ್ತದೆ.

ವಾಪಸ್ ಬರುವಾಗ

ಕೊಲ್ಲಿಗೋ ಅಳಿವೆಗೋ ಬರುವ ಮುಂಚೆ ಟ್ರಾನ್ಸ್‌ಡ್ಯೂಸರ್ ಎತ್ತಿ. ‘ಎತ್ತಿತು’ ಎಂಬ ದೀಪ ನೋಡಿ. ನೋಡಿದ ಮೇಲೆ ತಾಂಡೇಲರಿಗೆ ಬಾಯಿಬಿಟ್ಟು ಹೇಳಿ. ಮೀನು ತುಂಬಿದ ಬೋಟು ನೀರಿನಲ್ಲಿ ಇನ್ನೂ ಕೆಳಗೆ ಕೂತಿರುತ್ತದೆ, ಕೆಳಗೆ ಚಾಚಿದ ಟ್ರಾನ್ಸ್‌ಡ್ಯೂಸರ್ ಮರಳಿಗೆ ತಾಗಲು ಹೆಚ್ಚು ಹೊತ್ತು ಬೇಡ. ಖುಷಿಯಲ್ಲಿ ಮರೆಯುವುದು ಇಂಥ ದಿನವೇ.

ನಾನು ಒಂದು ಸಣ್ಣ ಪುಸ್ತಕ ಇಟ್ಟಿದ್ದೇನೆ. ಪ್ರತಿ ಬಲೆಗೂ ಒಂದು ಸಾಲು: ನೀರಿನ ಆಳ, ಟಿಲ್ಟ್, ಹಿಂಡು ಮೊದಲು ಕಂಡ ದೂರ, ಗೇನ್ ಎಷ್ಟಿತ್ತು, ಯಾವ ಬಣ್ಣ ಕಂಡಿತು, ಬಲೆಯಲ್ಲಿ ಏನು ಬಂತು, ಎಷ್ಟು ಬುಟ್ಟಿ. ಏನೂ ಬಾರದ ಬಲೆಗೂ ಸಾಲು ಬರೆಯುತ್ತೇನೆ, ಪರದೆಯಲ್ಲಿ ಅದು ಹೇಗೆ ಕಂಡಿತ್ತು ಎಂದು ಸ್ವಲ್ಪ ಉದ್ದವಾಗಿಯೇ. ಬೋಟಿನಲ್ಲಿ ಕಲಿಯಲು ಬಂದ ಹುಡುಗರಿಗೆ ಮೊದಲು ಓದಲು ಕೊಡುವುದು ಆ ಖಾಲಿ ಬಲೆಗಳ ಪುಟಗಳನ್ನೇ.